ಕಾಲು ಮೈಲಿಗೆ ಕಡಿಮೆ ಕಾಸು: ಡ್ರ್ಯಾಗ್ ಕಾರಿಗೂ ಮನೆ ವರ್ಕ್‌ಶಾಪಿಗೂ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಡ್ರ್ಯಾಗ್ ರೇಸ್ ಅಂದರೆ ನೆಟ್ಟಗಿರುವ 402 ಮೀಟರ್ ದಾರಿ, ಅಕ್ಕಪಕ್ಕ ಎರಡು ಕಾರು, ಒಂದು ಹಸಿರು ದೀಪ. ತಿರುವಿಲ್ಲ, ಲ್ಯಾಪ್ ಇಲ್ಲ. ನೋಡೋಕೆ ಇಷ್ಟು ಸುಲಭದ ಆಟ ಇನ್ನೊಂದಿಲ್ಲ. ಆದರೆ ದುಡ್ಡು ಸುರಿಯಲು ಶುರು ಮಾಡಿದರೆ ಇದಕ್ಕಿಂತ ಆಳದ ಬಾವಿಯೂ ಇಲ್ಲ.

ಬೆಂಗಳೂರಿನ ಒಂದು 30×40 ಸೈಟಿನ ಮನೆ, ಅದರ ಪೋರ್ಟಿಕೋದಲ್ಲಿ ಒಂದು ಹಳೇ ಮಾರುತಿ ಎಸ್ಟೀಮ್ ಕಾರು. ನಾಲ್ಕು ವರ್ಷದಿಂದ ಇದೇ ನನ್ನ ವರ್ಕ್‌ಶಾಪು. ಮೊದಲ ವರ್ಷ ದುಡ್ಡೆಲ್ಲ ಸದ್ದು ಮಾಡುವ ಸಾಮಾನಿಗೆ ಹೋಯಿತು. ಆಮೇಲೆ ಬುದ್ಧಿ ಬಂದು ಒಂದು ಲೆಕ್ಕ ಹಿಡಿದೆ: ಓಟದ ಸಮಯದಲ್ಲಿ ಒಂದು ಹತ್ತನೇ ಸೆಕೆಂಡು ಇಳಿಸೋಕೆ ಎಷ್ಟು ರೂಪಾಯಿ ಬೀಳುತ್ತೆ? ಕೆಳಗಿನ ಹೋಲಿಕೆಗಳೆಲ್ಲ ಈ ತಕ್ಕಡಿಯಲ್ಲೇ ತೂಗಿದವು. ಬೆಲೆಗಳು ನಾನು ಕೊಟ್ಟ ಅಥವಾ ಅಂಗಡಿಯಲ್ಲಿ ಕೇಳಿದ ಅಂದಾಜು, ನಿಮ್ಮೂರಲ್ಲಿ ಹಿಂದೆಮುಂದೆ ಆಗಬಹುದು.

ಎಲ್ಲಿ ಓಡಿಸೋದು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಏರ್‌ಪೋರ್ಟ್ ರಸ್ತೆಯಲ್ಲಿ ರಾತ್ರಿ ಎರಡು ಗಂಟೆಗೆ ಅಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲವೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎದುರಿಗೆ ಹಾಲಿನ ವ್ಯಾನ್ ಬಂದರೆ ಆಗುವುದನ್ನು ಯಾವ ಸೆಕ್ಷನ್ನೂ ಸರಿಮಾಡೋದಿಲ್ಲ. ನಮ್ಮ ದೇಶದ ಮೋಟಾರ್ ಕ್ರೀಡೆಯನ್ನು ನೋಡಿಕೊಳ್ಳುವುದು ಎಫ್‌ಎಂಎಸ್‌ಸಿಐ. ಲೋಣಾವಳ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ನಡೆಯುವ ವ್ಯಾಲಿ ರನ್, ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಟ್ರ್ಯಾಕ್, ಇಂಥ ಕಡೆ ಹೋಗಬೇಕು. ಬೈಕ್ ಡ್ರ್ಯಾಗ್‌ನಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದ ಹೇಮಂತ್ ಮುದ್ದಪ್ಪ ನಮ್ಮ ಬೆಂಗಳೂರಿನವರೇ. ಅವರು ಗೆದ್ದಿದ್ದೂ ಟ್ರ್ಯಾಕ್‌ನಲ್ಲಿ.

ತೂಕವೋ, ಕುದುರೆಯೋ

ಅಮೆರಿಕದ ಡ್ರ್ಯಾಗ್ ಮಂದಿ ಬಹಳ ಕಾಲದಿಂದ ಬಳಸುವ ಒಂದು ಸೂತ್ರ ಇದೆ. ಅದನ್ನು ನಮ್ಮ ಕೆಜಿ ಲೆಕ್ಕಕ್ಕೆ ತಂದರೆ ಹೀಗಾಗುತ್ತೆ: ಡ್ರೈವರ್ ಸೇರಿಸಿ ಕಾರಿನ ತೂಕವನ್ನು ಹಾರ್ಸ್‌ಪವರ್‌ನಿಂದ ಭಾಗಿಸಿ, ಬಂದದ್ದರ ಘನಮೂಲ ತೆಗೆದು, 7.58ರಿಂದ ಗುಣಿಸಿ. ಕಾಲು ಮೈಲಿಗೆ ಹಿಡಿಯುವ ಸೆಕೆಂಡು ಸಿಗುತ್ತೆ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಟೈರ್ ಚೆನ್ನಾಗಿ ಹಿಡಿದರೆ, ಗೇರ್ ತಪ್ಪದಿದ್ದರೆ ಅನ್ನೋದು ಇದರ ಷರತ್ತು.

ನನ್ನ ಎಸ್ಟೀಮ್ 16 ವಾಲ್ವ್‌ನ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವುದು), ಹೊಸದಾಗಿದ್ದಾಗ 85 ಎಚ್‌ಪಿ. ನಾನು ಕೂತರೆ ಸುಮಾರು 960 ಕೆಜಿ. ಲೆಕ್ಕ ಹಾಕಿದರೆ 17.0 ಸೆಕೆಂಡು.

ಕಾರಿನಿಂದ 100 ಕೆಜಿ ಇಳಿಸಿದರೆ 16.4.

ತೂಕ ಹಾಗೇ ಇಟ್ಟು 10 ಎಚ್‌ಪಿ ಏರಿಸಿದರೂ ಅದೇ 16.4.

ಎರಡೂ ಮಾಡಿದರೆ 15.8.

ಮಧ್ಯದ ಎರಡು ಸಾಲು ನೋಡಿ. 100 ಕೆಜಿ ತೆಗೆಯೋದೂ 10 ಕುದುರೆ ಸೇರಿಸೋದೂ ಒಂದೇ. ಟರ್ಬೊ ಇಲ್ಲದ ಇಂಜಿನ್‌ನಲ್ಲಿ ನಿಜವಾದ 10 ಎಚ್‌ಪಿ ಬೇಕು ಅಂದರೆ ಹೆಡ್ ಕೆಲಸ, ಕ್ಯಾಮ್, ಹೆಡರ್, ಟ್ಯೂನಿಂಗ್ ಅಂತ ಲಕ್ಷದ ಹತ್ತಿರ ಹೋಗುತ್ತೆ. 100 ಕೆಜಿ ಇಳಿಸೋಕೆ ಬೇಕಾದ್ದು 10, 12, 14ರ ಸ್ಪ್ಯಾನರ್, ಒಂದು ಪುಟ್ಟಿ ಬ್ಲೇಡ್, ಎರಡು ಭಾನುವಾರ.

ನಾನು ಬಿಚ್ಚಿದ್ದನ್ನೆಲ್ಲ ಲಗೇಜ್ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ಬರೆದಿಟ್ಟೆ. ಸ್ಟೆಪ್ನಿ 12 ಕೆಜಿ. ಜಾಕಿ, ಪಾನಾ ಚೀಲ 4. ಹಿಂದಿನ ಸೀಟು ಎರಡೂ ತುಂಡು ಸೇರಿ 18. ಎಡಗಡೆ ಮುಂದಿನ ಸೀಟು 14. ಮ್ಯೂಸಿಕ್ ಸಿಸ್ಟಮ್, ಡಿಕ್ಕಿಯ ಸ್ಪೀಕರ್ ಡಬ್ಬ ಸೇರಿ 15, ಹಿಂದಿನ ಮಾಲೀಕರ ಸಂಗೀತಪ್ರೇಮಕ್ಕೆ ನಮಸ್ಕಾರ. ಕಾರ್ಪೆಟ್ಟೂ ಅದರಡಿಯ, ಸದ್ದು ತಡೆಯುವ ಟಾರ್ ಶೀಟೂ 16. ಈ ಟಾರ್ ಶೀಟ್ ಬಿಡಿಸೋದು ದೊಡ್ಡ ಗೋಳು. ಹೀಟ್ ಗನ್ ಹಿಡಿದು, ಮೆತ್ತಗಾದ ಮೇಲೆ ಬ್ಲೇಡ್ ತೂರಿಸಿ, ದೋಸೆ ಎಬ್ಬಿಸಿದ ಹಾಗೆ ಎಬ್ಬಿಸಬೇಕು. ಜಾಸ್ತಿ ಕಾಯಿಸಿದರೆ ಅಂಟು, ಕಡಿಮೆ ಕಾಯಿಸಿದರೆ ಚೂರು. ಎಸಿಯ ಕಂಪ್ರೆಸರ್, ಕಂಡೆನ್ಸರ್, ಪೈಪು ಎಲ್ಲ ಸೇರಿ 19. ಎಸಿ ತೆಗೆಯೋ ಮೊದಲು ಗ್ಯಾಸನ್ನು ಎಸಿ ಅಂಗಡಿಯಲ್ಲೇ ಇಳಿಸಿಕೊಂಡು ಬನ್ನಿ, ಪೈಪ್ ಸುಮ್ನೆ ಬಿಚ್ಚಬೇಡಿ. ಒಟ್ಟು 98 ಕೆಜಿ. ಮನೆಯ ಹಾಲ್‌ನಲ್ಲಿ ಸೀಟುಗಳ ಸಾಲು ನೋಡಿ ನಮ್ಮಮ್ಮ, "ಕಾರು ಕೊಂಡ್ಯೋ, ಸೋಫಾ ಸೆಟ್ ಕೊಂಡ್ಯೋ?" ಅಂದರು.

ಹೀಗೆ ಬಿಚ್ಚಿದ ಕಾರು ರಸ್ತೆಯ ಕಾರಲ್ಲ, ಇದು ನೆನಪಿರಲಿ. ಅದೇ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸುವುದನ್ನು ತಡೆಯುತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಹಾಗಾಗಿ ಮೊದಲೇ ತೀರ್ಮಾನ ಮಾಡಿ. ದಿನಾ ಆಫೀಸಿಗೂ ಇದೇ ಕಾರು ಬೇಕಾದರೆ ಒಂದು ಗಂಟೆಯಲ್ಲಿ ಬಿಚ್ಚಿ ಮತ್ತೆ ಹಾಕಬಹುದಾದ ಸಾಮಾನಿಗೆ ಮಾತ್ರ ಕೈ ಹಾಕಿ.

ಯಾವ ಕಾರು

ಕಡಿಮೆ ಬಜೆಟ್‌ನವರ ಮುಂದೆ ಸಾಮಾನ್ಯವಾಗಿ ಬರೋದು ಮೂರು ಹೆಸರು.

ಒಂದು, ಎಸ್ಟೀಮ್. ಹಗುರ, ಅಗ್ಗ. ಇದರ 1.3 ಲೀಟರ್ ಜಿ13 ಕುಟುಂಬದ ಇಂಜಿನ್ನೇ ಮೊದಲ ಸ್ವಿಫ್ಟ್‌ನಲ್ಲೂ ಎಂಪಿಎಫ್‌ಐ ಜಿಪ್ಸಿಯಲ್ಲೂ ಬಂತು, ಹಾಗಾಗಿ ಬಿಡಿಭಾಗಕ್ಕೆ ಈಗಲೂ ಬರ ಇಲ್ಲ. ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೇದು. ನಮ್ಮ ಫಾರ್ಮುಲಾ ಎಲ್‌ಜಿಬಿ ರೇಸ್ ಕಾರುಗಳಲ್ಲಿ ವರ್ಷಗಟ್ಟಲೆ ಓಡಿದ್ದೂ ಎಸ್ಟೀಮ್ ಇಂಜಿನ್ನೇ, ಆದ್ದರಿಂದ ಇದನ್ನು ಕಟ್ಟಲು ಬಲ್ಲ ಕೈಗಳು ಊರಲ್ಲಿವೆ. ಕೆಟ್ಟ ಗುಣ ಅಂದರೆ ತುಕ್ಕು. ಮುಂದಿನ ಸ್ಟ್ರಟ್ ಕೂರುವ ಜಾಗ, ಹಿಂದಿನ ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ, ಡಿಕ್ಕಿಯ ತಳ, ಇವನ್ನು ಸ್ಕ್ರೂಡ್ರೈವರ್ ಹಿಡಿದು ಚುಚ್ಚಿ ನೋಡಿ. ಒಳಗೆ ಹೋದರೆ ಆ ಕಾರು ಬೇಡ. ಬಣ್ಣ ಎಷ್ಟೇ ಮಿರಮಿರ ಮಿಂಚಲಿ.

ಎರಡು, 2003ಕ್ಕೆ ಮುಂಚಿನ ಹೋಂಡಾ ಸಿಟಿ 1.5 ವಿಟೆಕ್. 106 ಎಚ್‌ಪಿ ಕಂಪನಿಯಿಂದಲೇ ಬರುತ್ತೆ. ಏನೂ ಮಾಡದೆ ಲೆಕ್ಕದಲ್ಲಿ ಹದಿನಾರೂವರೆ ಸೆಕೆಂಡಿನ ಆಸುಪಾಸು, ಅಂದರೆ ನಾನು ಎರಡು ಭಾನುವಾರ ಬೆವರಿ ತಲುಪಿದ ಜಾಗದಲ್ಲಿ ಇದು ಹುಟ್ಟುತ್ತಲೇ ಇದೆ. ಮೇಲಿನ ಆರ್‌ಪಿಎಂನಲ್ಲಿ ಆ ಇಂಜಿನ್ ಹಾಡೋದನ್ನು ಕೇಳಿದರೆ ಯಾರಿಗಾದರೂ ಆಸೆ ಆಗುತ್ತೆ. ತೊಂದರೆ ಏನೆಂದರೆ ಅದು ಎಲ್ಲರಿಗೂ ಗೊತ್ತು. ಒಳ್ಳೆಯ ಸ್ಥಿತಿಯ ಗಾಡಿ ಇಟ್ಟುಕೊಂಡವರು ಕೊಡಲ್ಲ, ಕೊಡುವವರ ಗಾಡಿಯನ್ನು ಈಗಾಗಲೇ ಯಾರೋ ಒಬ್ಬರು ಹಿಂಡಿ ಹಾಕಿರುತ್ತಾರೆ. ಮುಂದೆ ಇದರ ಹೆಸರಿಟ್ಟುಕೊಂಡೇ ಬಂದ 'ಡಾಲ್ಫಿನ್' ಸಿಟಿಯ ಐಡಿಎಸ್‌ಐ 77 ಎಚ್‌ಪಿ ಮಾತ್ರ. ಬರೀ "ಸಿಟಿ 1.5" ಅಂತ ಹಾಕಿದ ಜಾಹೀರಾತು ನೋಡಿ ಮೋಸ ಹೋಗಬೇಡಿ.

ಮೂರು, ಫೋಕ್ಸ್‌ವ್ಯಾಗನ್ ಪೋಲೊ ಟಿಎಸ್‌ಐ. ಟರ್ಬೊ ಇರೋದರಿಂದ ಲ್ಯಾಪ್‌ಟಾಪ್ ಚುಚ್ಚಿ ಟ್ಯೂನ್ ಮಾಡಿದರೆ 10 ಅಲ್ಲ, 20–30 ಕುದುರೆ ಒಂದೇ ಮಧ್ಯಾಹ್ನ ಸಿಗುತ್ತೆ. ಒಂದು ಹತ್ತನೇ ಸೆಕೆಂಡಿನ ಲೆಕ್ಕದಲ್ಲಿ ನೋಡಿದರೆ ಇದೇ ಅಗ್ಗ. ಆದರೆ ಕಾರಿನ ಬೆಲೆಯೇ ಲಕ್ಷಗಳಲ್ಲಿ. 2013ರಲ್ಲಿ ಬಂದ 1.2 ಜಿಟಿ ಟಿಎಸ್‌ಐನಲ್ಲಿ ಇರೋದು 7 ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಅದನ್ನಿಟ್ಟುಕೊಂಡು ದಿನಕ್ಕೆ ಹತ್ತು ಲಾಂಚ್ (ನಿಂತಲ್ಲಿಂದ ಜೋರಾಗಿ ಹೊರಡೋದು) ಹೊಡೆಯುವ ಧೈರ್ಯ ನನಗಿಲ್ಲ. ಅದು ಹೋದರೆ ಬರುವ ಬಿಲ್ಲಿನಲ್ಲಿ ಇನ್ನೊಂದು ಎಸ್ಟೀಮ್ ಬರುತ್ತೆ. 2020ರ ಆಮೇಲಿನ 1.0 ಟಿಎಸ್‌ಐ, 110 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯೇ), 6 ಗೇರಿನ ಮ್ಯಾನ್ಯುವಲ್, ಇದು ಬೇರೆ ಮಾತು. ಮನೆಯಲ್ಲಿ ಈಗಾಗಲೇ ಇದ್ದರೆ ಹೊಸ ಕಾರು ಹುಡುಕಲೇಬೇಡಿ, ಇದನ್ನೇ ತಗೊಂಡು ಹೋಗಿ ಓಡಿಸಿ.

ಕಲಿಯೋಕೆ, ಮುರಿಯೋಕೆ, ಮತ್ತೆ ಜೋಡಿಸೋಕೆ ಎಸ್ಟೀಮ್. ಎರಡು ಲಕ್ಷದ ಮೇಲೆ ಕೈಯಲ್ಲಿದ್ದು, ಆರು ತಿಂಗಳು ಹುಡುಕುವ ತಾಳ್ಮೆಯೂ ಇದ್ದರೆ ಸಿಟಿ. ನನ್ನ ತೀರ್ಪು ಇಷ್ಟೇ.

ಹಳೇ ಬಲೆನೊದ 1.6 ಇಂಜಿನ್ ಎಸ್ಟೀಮ್‌ಗೆ ಕೂರಿಸೋದು ನಮ್ಮಲ್ಲಿ ಹಳೇ ಚಾಳಿ. 94 ಎಚ್‌ಪಿ. ಲೆಕ್ಕ ಹಾಕಿದರೆ 17.0 ಇದ್ದದ್ದು 16.4ಕ್ಕೆ ಬರುತ್ತೆ. ಒಳ್ಳೆಯದೇ. ಆದರೆ ಗುಜರಿಯಿಂದ ತಂದ ಬಲೆನೊ ಇಂಜಿನ್ ಒಳಗೆ ಹೇಗಿದೆ ಅಂತ ಬಿಚ್ಚೋವರೆಗೆ ಯಾರಿಗೂ ಗೊತ್ತಿರಲ್ಲ, ಆರ್‌ಸಿಯಲ್ಲಿ ಇಂಜಿನ್ ನಂಬರ್ ಬೇರೆ ಇರುತ್ತೆ. ಅದಕ್ಕೂ ಮುಂಚೆ ಇರುವ ಇಂಜಿನ್ನಿನ ಆರೋಗ್ಯ ನೋಡಬೇಕಲ್ವಾ?

ಕಳೆದುಹೋದ ಕುದುರೆಗಳು

20 ವರ್ಷ ದಾಟಿದ ಇಂಜಿನ್ನಿಗೆ 85 ಎಚ್‌ಪಿ ಅನ್ನೋದು ಕಾಗದದ ಮಾತು. ನಿಜದಲ್ಲಿ 75 ಇದ್ದರೆ ಅದೇ ಸೂತ್ರದಲ್ಲಿ ಸಮಯ 17.7ಕ್ಕೆ ಹೋಗುತ್ತೆ. ಅಂದರೆ ಹೊಸ ಪಾರ್ಟ್ ಹಾಕೋ ಮೊದಲು ಹಳೇದನ್ನು ಮೊದಲಿನ ಹಾಗೆ ಮಾಡಿದರೇ ಆರೇಳು ಹತ್ತನೇ ಸೆಕೆಂಡು ವಾಪಸ್ ಬರುತ್ತೆ.

ಇದಕ್ಕೆ ಬೇಕಾದ್ದು ಕಂಪ್ರೆಷನ್ ಗೇಜ್. ಒಂದೂವರೆ ಸಾವಿರಕ್ಕೆ ಸಿಗುತ್ತೆ. ನನ್ನ ವರ್ಕ್‌ಶಾಪಿನಲ್ಲಿ ರೂಪಾಯಿಗೆ ಅತಿ ಹೆಚ್ಚು ಕೆಲಸ ಕೊಟ್ಟ ಸಾಮಾನು ಅದೇ. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಇಗ್ನಿಷನ್ ಕನೆಕ್ಟರ್ ಎಳೆದಿಡಿ. ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಿರಿ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು, ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಒಳಗೆ ಏನೋ ಇದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಸಂಖ್ಯೆ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ನನ್ನದರಲ್ಲಿ ಮೂರನೇ ಸಿಲಿಂಡರ್ ಕೆಳಗಿತ್ತು, ಆಯಿಲ್ ಬಿಟ್ಟರೂ ಮೇಲೇಳಲಿಲ್ಲ. ಮೆಕ್ಯಾನಿಕ್ ಒಬ್ಬರು ನೋಡದೆಯೇ "ಫುಲ್ ಇಂಜಿನ್ ಮಾಡಿಸಿ" ಅಂದಿದ್ದರು. ಹೆಡ್ ಮಾತ್ರ ಬಿಚ್ಚಿ ವಾಲ್ವ್ ಲ್ಯಾಪಿಂಗ್ (ಸರಿಯಾಗಿ ಮುಚ್ಚಿಕೊಳ್ಳುವ ಹಾಗೆ ಉಜ್ಜಿ ಕೂರಿಸೋದು) ಮಾಡಿದೆ, ವಾಲ್ವ್ ಸೀಲ್, ಹೆಡ್ ಗ್ಯಾಸ್ಕೆಟ್ ಹೊಸದು ಹಾಕಿದೆ, ಹೆಡ್ಡಿನ ಮುಖವನ್ನು ಪೀಣ್ಯದ ಲೇತಿನವರ ಹತ್ತಿರ ಮಟ್ಟ ಮಾಡಿಸಿದೆ. ಫುಲ್ ಇಂಜಿನ್ನಿಗೆ ಹೇಳಿದ್ದರ ಕಾಲು ಭಾಗದಲ್ಲಿ ಮುಗಿಯಿತು.

ಫ್ರೀ ಫ್ಲೋ ಸೈಲೆನ್ಸರ್, ಕೋನ್ ಏರ್ ಫಿಲ್ಟರ್? ಮೊದಲ ವರ್ಷದ ನನ್ನ 18,000 ರೂಪಾಯಿ ಅಲ್ಲೇ ಹೋಗಿದ್ದು. ಸದ್ದು ಬಂತು. ಪಕ್ಕದ ಮನೆಯವರೂ ಬಂದರು. ಓಟದ ಆಮೇಲೆ ಟ್ರ್ಯಾಕಿನವರು ಕೊಡುವ ಸ್ಲಿಪ್‌ನಲ್ಲಿ ಸಮಯ ಅಲ್ಲಾಡಲಿಲ್ಲ. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುವ ಕೋನ್ ಫಿಲ್ಟರಿಗಿಂತ ಕಂಪನಿಯ ಡಬ್ಬಿಯೇ ವಾಸಿ. 100 ಆಕ್ಟೇನ್ ಪೆಟ್ರೋಲೂ ಹಾಗೇ. ಕಂಪ್ರೆಷನ್ ಏರಿಸದ, ಟೈಮಿಂಗ್ ಮುಂದಕ್ಕೆ ತರದ ಇಂಜಿನ್ನಿಗೆ ಅದು ತೀರ್ಥ ಹಾಕಿದ ಹಾಗೆ, ಮನಸ್ಸಿಗೆ ಸಮಾಧಾನ ಅಷ್ಟೇ. ಆ ದುಡ್ಡಲ್ಲಿ ಹಳೇ ಪೆಟ್ರೋಲ್ ಪೈಪುಗಳನ್ನು ಬದಲಿಸಿ. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲ್, ಇಪ್ಪತ್ತು ವರ್ಷದ ಹಳೇ ರಬ್ಬರಿಗೆ ಎಥೆನಾಲ್ ಆಗಿಬರಲ್ಲ.

ಮೊದಲ 60 ಅಡಿ

ಕಾಲು ಮೈಲಿ 1,320 ಅಡಿ. ಅದರಲ್ಲಿ ನನಗೆ ಮುಖ್ಯ ಮೊದಲ 60 ಅಡಿ. ಅಲ್ಲಿ ಒಂದು ಹತ್ತನೇ ಸೆಕೆಂಡು ಉಳಿಸಿದರೆ ಕೊನೆಯಲ್ಲಿ ಸುಮಾರು ಒಂದೂವರೆಯಿಂದ ಎರಡು ಹತ್ತನೇ ಸೆಕೆಂಡು ಉಳಿಯುತ್ತೆ ಅನ್ನೋದು ಡ್ರ್ಯಾಗ್ ಮಂದಿಯ ಹಳೇ ಲೆಕ್ಕ. ಬೇಗ ಹೊರಟವನು ಉಳಿದ ದಾರಿಯುದ್ದಕ್ಕೂ ಆ ವೇಗವನ್ನು ಹೊತ್ತುಕೊಂಡೇ ಹೋಗ್ತಾನೆ.

ನಮ್ಮ ಮೂರೂ ಕಾರು ಮುಂದಿನ ಚಕ್ರದಿಂದ ಎಳೆಯುವವು. ಇಲ್ಲೇ ಗ್ರಹಚಾರ ಇರೋದು. ಕಾರು ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ವಾಲುತ್ತೆ, ಮೂತಿ ಏಳುತ್ತೆ, ಎಳೆಯಬೇಕಾದ ಚಕ್ರ ಹಗುರಾಗಿ ಸುಮ್ನೆ ತಿರುಗುತ್ತೆ. ಹೊಗೆ ನೋಡಿ ಜನ ಶಿಳ್ಳೆ ಹೊಡೆಯುತ್ತಾರೆ, ಪಕ್ಕದ ಕಾರು ಹೋಗಿರುತ್ತೆ. ಹಾಗಾಗಿ ಮೇಲೆ ಹೇಳಿದ ತೂಕದಲ್ಲಿ ಡಿಕ್ಕಿ, ಹಿಂದಿನ ಸೀಟಿನದ್ದು ಮೊದಲು ಇಳಿಯಲಿ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸುವ ವಿಡಿಯೊಗಳನ್ನು ನೋಡಿ ಮರುಳಾಗಬೇಡಿ, ಅದು ಹಿಂದಿನ ಚಕ್ರ ಎಳೆಯುವ ಅಮೆರಿಕದ ಕಾರಿಗೆ. ನಮಗೆ ಭಾರ ಮೂತಿಯಲ್ಲೇ ಇರಬೇಕು.

ಟೈರಿನ ಆಯ್ಕೆ ಮೂರು. ಗೆರೆಗಳೇ ಇಲ್ಲದ ಆಮದು ಡ್ರ್ಯಾಗ್ ಸ್ಲಿಕ್, ರಸ್ತೆಗೂ ಆಗುವ ಸೆಮಿ ಸ್ಲಿಕ್, ಅಥವಾ ಹೊಸ ಮೆತ್ತನೆ ರಬ್ಬರಿನ ಸಾಮಾನ್ಯ ಟೈರ್. ಸ್ಲಿಕ್‌ಗೆ ಅಂಟು ಹಾಕಿ ತಯಾರು ಮಾಡಿದ ಟ್ರ್ಯಾಕ್ ಬೇಕು. ಧೂಳಿನ ಏರ್‌ಸ್ಟ್ರಿಪ್‌ನಲ್ಲಿ ಅದರ ಆಟ ನಡೆಯೋದು ಕಷ್ಟ, ಹಾಗಾಗಿ ಬಿಡಿ. ಸೆಮಿ ಸ್ಲಿಕ್ ಎರಡೇ ಎರಡು, ಮುಂದಕ್ಕೆ ಮಾತ್ರ, ಇದು ನನ್ನ ಆಯ್ಕೆ. ಸರ್ಕ್ಯೂಟ್ ರೇಸ್ ತಂಡಗಳು ಬಳಸಿ ಬಿಟ್ಟದ್ದು ಅಗ್ಗಕ್ಕೆ ಸಿಗುತ್ತೆ, ಆದರೆ ಬದಿಯಲ್ಲಿರುವ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ಆಗಿದ್ದು. ಹಳೇದಾಗಿ, ಹತ್ತು ಸಲ ಕಾದು ಆರಿದ ಸೆಮಿ ಸ್ಲಿಕ್ ಕಲ್ಲಾಗಿರುತ್ತೆ. ಉಗುರು ಒತ್ತಿ ನೋಡಿ, ಗುರುತೇ ಬೀಳದಿದ್ದರೆ ಅದಕ್ಕಿಂತ ಪಂಕ್ಚರ್ ಅಂಗಡಿಯವನ ಹೊಸ ಟೈರೇ ಮೇಲು.

ಗಾಳಿ ಬಿಟ್ಟಿ. ಮುಂದೆ 24 ಪಿಎಸ್‌ಐ, ಹಿಂದೆ 38ರಿಂದ ಶುರು ಮಾಡಿ ಒಂದೊಂದು ಓಟಕ್ಕೆ ಎರಡೆರಡು ಪಿಎಸ್‌ಐ ಬದಲಿಸಿ ನೋಡಿ. ಒಂದು ನೆಟ್ಟಗಿನ ಗೇಜ್‌ಗೆ ಕೊಟ್ಟ ಐನೂರು ರೂಪಾಯಿ, ಸೈಲೆನ್ಸರಿಗೆ ಕೊಟ್ಟ ಹದಿನೆಂಟು ಸಾವಿರಕ್ಕಿಂತ ಜಾಸ್ತಿ ಸಮಯ ಇಳಿಸಿದೆ.

ಸಸ್ಪೆನ್ಷನ್‌ಗೆ ಕಾಯ್ಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಬೇಕಿಲ್ಲ. ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿದರೆ ಕಾರು ಹಿಂದಕ್ಕೆ ಕುಕ್ಕುವುದು ಕಡಿಮೆ. ಸ್ಪ್ರಿಂಗ್ ಕತ್ತರಿಸುವ ಊರಿನ ಪದ್ಧತಿ ಬೇಡ, ಜಾಕಿ ಏರಿಸಿದಾಗ ಅದು ಸೀಟಿನಿಂದ ಜಾರಿಬಿಡಬಹುದು. ಇಂಜಿನ್ ಫೌಂಡೇಶನ್ ರಬ್ಬರ್ ನೋಡಿ. ಅದು ಸತ್ತಿದ್ದರೆ ಲಾಂಚ್‌ನಲ್ಲಿ ಚಕ್ರ ಕಪ್ಪೆ ಹಾಗೆ ಕುಪ್ಪಳಿಸುತ್ತೆ, ಆ ಕುಪ್ಪಳಿಕೆಯೇ ಆ್ಯಕ್ಸಲ್ ಮುರಿಯೋದು. ನನ್ನದು ಹಾಗೇ ಮುರಿದಿದ್ದು. ಹಸಿರು ಬಿತ್ತು, ಕ್ಲಚ್ ಬಿಟ್ಟೆ, ಎರಡು ಸಲ ದಡಬಡ, ಆಮೇಲೆ 'ಟಣ್' ಅಂತ ಒಂದು ಸದ್ದು. ಇಂಜಿನ್ ಕಿರುಚುತ್ತಿದೆ, ಕಾರು ಅಲ್ಲೇ ನಿಂತಿದೆ. ಹನ್ನೆರಡು ನೂರು ರೂಪಾಯಿಯ ರಬ್ಬರ್ ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟಿದ್ದೆ.

ಕ್ಲಚ್‌ನಲ್ಲೂ ಎರಡು ದಾರಿ. ಕಾಪರ್ ಬಟನ್ ಪ್ಲೇಟ್ ಗಟ್ಟಿ, ಆದರೆ ಸ್ವಿಚ್ ಹಾಗೆ ಒಂದೇ ಏಟಿಗೆ ಕಚ್ಚುತ್ತೆ. 100 ಎಚ್‌ಪಿ ಒಳಗಿನ ಕಾರಿನಲ್ಲಿ ಅದು ಟೈರನ್ನು ತಿರುಗಿಸುತ್ತೆ ಇಲ್ಲವೇ ಆ್ಯಕ್ಸಲ್ ತಿನ್ನುತ್ತೆ. ಕಂಪನಿಯ ಹೊಸ ಪ್ಲೇಟೇ ಸಾಕು, ಹದವಾಗಿ ಜಾರಿಸಿ ಬಿಡೋದು ಕಾಲಿಗೆ ಕಲಿಸಬೇಕು. ಇಂಜಿನ್ನಿಗೂ ಕ್ಲಚ್ಚಿಗೂ ನಡುವಿನ ಭಾರದ ಚಕ್ರ, ಫ್ಲೈವೀಲ್, ಅದನ್ನು ಲೇತಿಗೆ ಕೊಟ್ಟು ಕಡೆಸುವ ಇನ್ನೊಂದು ಹುಚ್ಚು ಇದೆ. ಬೀಡು ಕಬ್ಬಿಣದ ಫ್ಲೈವೀಲ್ ತೆಳ್ಳಗಾಗಿ ಆರೇಳು ಸಾವಿರ ಆರ್‌ಪಿಎಂನಲ್ಲಿ ಒಡೆದರೆ ಅದರ ಚೂರು ಹೋಗೋದು ನಿಮ್ಮ ಕಾಲಿನ ಕಡೆಗೆ. ಮೇಲಾಗಿ, ನಿಂತಲ್ಲಿಂದ ಹೊರಡುವಾಗ ಭಾರದ ಫ್ಲೈವೀಲೇ ಸಹಾಯಕ್ಕೆ ಬರೋದು.

ಪೋರ್ಟಿಕೋ ವರ್ಕ್‌ಶಾಪು

ಶೆಡ್ ಬಾಡಿಗೆಗೆ ಹಿಡಿಯೋದೋ, ಮನೆಯಲ್ಲೇ ಮಾಡೋದೋ? ಇಬ್ಬರು ಮೂವರು ಗೆಳೆಯರು ಸೇರಿ ಊರ ಹೊರಗೆ ಶೆಡ್ ಹಿಡಿದರೆ ಜಾಗ, ಸದ್ದು, ನೆರೆಹೊರೆ ಯಾವ ತಲೆನೋವೂ ಇಲ್ಲ. ಆದರೆ ನನ್ನ ಅನುಭವದಲ್ಲಿ ಕೆಲಸ ಆಗೋದು ರಾತ್ರಿ ಊಟ ಆದ ಮೇಲೆ ಸಿಗುವ ಒಂದು ಗಂಟೆಯಲ್ಲಿ. ಶೆಡ್ಡಿಗೆ ಹೋಗಿ ಬರೋದೇ ಒಂದು ಗಂಟೆ. ಮನೆಯೇ ಗೆದ್ದಿತು.

ಕಾರಿನಡಿ ಹೋಗೋಕೆ ಮೂರು ದಾರಿ: ನೆಲದಲ್ಲಿ ಗುಂಡಿ ತೋಡಿಸೋದು, ಕಬ್ಬಿಣದ ರ‍್ಯಾಂಪ್, ಜಾಕಿಯ ಜೊತೆ ಸ್ಟ್ಯಾಂಡ್. ಗುಂಡಿ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬಂದು ಅಲ್ಲೇ ಕೂರುತ್ತೆ, ಒಂದು ಕಿಡಿ ಸಾಕು. ಮಳೆಗಾಲದಲ್ಲಿ ಅದು ಬಾವಿಯೂ ಆಗುತ್ತೆ. ರ‍್ಯಾಂಪ್ ಆಯಿಲ್ ಬದಲಿಸೋಕೆ ಚೆನ್ನ, ಚಕ್ರ ಬಿಚ್ಚುವ ಕೆಲಸಕ್ಕೆ ಆಗಲ್ಲ. ಉಳಿದದ್ದು ಸ್ಟ್ಯಾಂಡ್.

ಒಂದು ಸಂಜೆ ಟ್ರಾಲಿ ಜಾಕಿ ಏರಿಸಿ, ಮುಂದಿನ ಚಕ್ರ ಬಿಚ್ಚಿ, ಬ್ರೇಕ್ ಪ್ಯಾಡ್ ನೋಡ್ತಾ ಕೂತಿದ್ದೆ. ಎರಡೇ ನಿಮಿಷದ ಕೆಲಸ ಅಂತ ಸ್ಟ್ಯಾಂಡ್ ಇಟ್ಟಿರಲಿಲ್ಲ. ಫೋನ್ ಬಂತು, ಎದ್ದು ಗೇಟಿನವರೆಗೆ ಹೋದೆ. ತಿರುಗಿ ನೋಡಿದರೆ ಕಾರಿನ ಮೂತಿ ಸದ್ದೇ ಇಲ್ಲದೆ ಇಳಿಯುತ್ತಾ ಇದೆ. ಜಾಕಿಯ ಸೀಲ್ ಸೋರಿ ನೆಲದ ಮೇಲೆ ಎಣ್ಣೆಯ ಸಣ್ಣ ನಾಲಿಗೆ. ಡಿಸ್ಕ್ ಬಂದು ನೆಲಕ್ಕೆ ಕೂತಿತು. ಅದರ ಪಕ್ಕ, ಬಾಡಿಯ ಅಡಿ, ನನ್ನ ಹವಾಯಿ ಚಪ್ಪಲಿಯ ಒಂದು ಕಾಲು. ಅವತ್ತಿನಿಂದ ಜಾಕಿ ಎತ್ತೋಕೆ ಮಾತ್ರ, ಹಿಡಿದು ನಿಲ್ಲಿಸೋಕೆ ಸ್ಟ್ಯಾಂಡ್. ಜೊತೆಗೆ ಬಿಚ್ಚಿದ ಚಕ್ರವನ್ನು ಬಾಡಿಯಡಿ ಮಲಗಿಸಿ ಇಡ್ತೀನಿ. 3 ಟನ್‌ನ ಜೋಡಿ ಸ್ಟ್ಯಾಂಡ್ ಮೂರು ಸಾವಿರದ ಆಸುಪಾಸು, ಎರಡು ಜೋಡಿ ಕೊಳ್ಳಿ. ಪೋರ್ಟಿಕೋಗೆ ನೀರು ಹರಿಯಲಿ ಅಂತ ಇಳಿಜಾರು ಇಟ್ಟಿರ್ತಾರೆ, ಟೈಲ್ಸೂ ಹಾಕಿರ್ತಾರೆ. ಸ್ಟ್ಯಾಂಡಿನಡಿ ದಪ್ಪ ಪ್ಲೈವುಡ್, ನೆಲ ಮುಟ್ಟಿರುವ ಚಕ್ರಗಳಿಗೆ ಅಡ್ಡಗಲ್ಲು ಕಡ್ಡಾಯ.

ಉಳಿದ ಸಾಮಾನಿಗೆ ನನ್ನ ನಿಯಮ: ತಿಂಗಳಿಗೊಮ್ಮೆ ಕೈಗೆ ಬರೋದನ್ನು ಕೊಂಡುಕೋ, ವರ್ಷಕ್ಕೊಮ್ಮೆ ಬರೋದನ್ನು ಬಾಡಿಗೆಗೆ ತಾ. ಸ್ಪ್ಯಾನರ್, ಸಾಕೆಟ್ ಸೆಟ್ ಒಳ್ಳೆಯದೇ ಇರಲಿ. ಟಪಾರಿಯಾ ಕಂಪನಿಯದ್ದು ಸಾಕು. ನೂರೈವತ್ತು ತುಂಡಿನ ಹೊಳೆಯುವ ಡಬ್ಬಿಯಲ್ಲಿ ನೀವು ಮುಟ್ಟೋದು ಹದಿನೈದೇ ತುಂಡು, ಅವೇ ಮೊದಲು ಸವೆದು ಬೋಲ್ಟಿನ ಮೂಲೆ ತಿನ್ನೋದು. ಟಾರ್ಕ್ ರೆಂಚ್‌ಗೆ ನಾಲ್ಕೈದು ಸಾವಿರ ಕೊಡೋಕೆ ಮನಸ್ಸು ಬರಲ್ಲ, ಆದರೂ ಕೊಡಿ. ಹೆಡ್ ಬೋಲ್ಟ್, ಚಕ್ರದ ನಟ್ಟು "ಕೈ ಅಂದಾಜಿಗೆ" ಬಿಡೋ ವಿಷಯ ಅಲ್ಲ. ಇಂಜಿನ್ ಎತ್ತುವ ಕ್ರೇನ್ ಇಪ್ಪತ್ತು ಸಾವಿರದ ಮೇಲೆ, ವರ್ಷಕ್ಕೆ ಒಂದು ಸಲ ಬೇಕಾಗೋದು. ಹತ್ತಿರದ ಗ್ಯಾರೇಜಿನಿಂದ ದಿನದ ಬಾಡಿಗೆಗೆ ತಂದೆ.

ಕಂಪ್ರೆಸರ್ ಆಸೆಯ ವಸ್ತು. ಸಣ್ಣ ಕಂಪ್ರೆಸರ್ ಇಂಪ್ಯಾಕ್ಟ್ ಗನ್ನಿಗೆ ಗಾಳಿ ಪೂರೈಸಲಾರದೆ ಏದುಸಿರು ಬಿಡುತ್ತೆ. ಅದೇ ದುಡ್ಡಿಗೆ ಬ್ಯಾಟರಿ ಇಂಪ್ಯಾಕ್ಟ್ ರೆಂಚ್ ಬಂದರೆ ಮನೆಯಲ್ಲೂ ನಡೆಯುತ್ತೆ, ಟ್ರ್ಯಾಕಿಗೂ ಬರುತ್ತೆ. ವೆಲ್ಡಿಂಗ್‌ಗೆ ಇನ್ವರ್ಟರ್ ಆರ್ಕ್ ಮೆಷಿನ್ ಏಳೆಂಟು ಸಾವಿರ. ಸ್ಟ್ಯಾಂಡು, ಬೆಂಚು, ಬ್ರಾಕೆಟ್ ಮಾಡಿಕೊಳ್ಳೋಕೆ ಸಾಕು. ಕಾರಿನ ತೆಳು ತಗಡಿಗೆ ಅದು ತೂತು ಹಾಕುತ್ತೆ, ಅದಕ್ಕೆ ತಂತಿ ಉಣಿಸುವ ಎಂಐಜಿ ವೆಲ್ಡಿಂಗ್ ಬೇಕು, ಆ ಕೆಲಸವನ್ನು ಟಿಂಕರಿಂಗ್‌ನವರಿಗೇ ಕೊಡಿ. ಹಳೇ ಮನೆಯ ವೈರಿಂಗ್ ಆಗಿದ್ದರೆ ಮೆಷಿನ್‌ಗೆ ಮೀಟರ್ ಬೋರ್ಡಿನಿಂದ ಬೇರೆ ಲೈನ್ ಎಳೆಸಿ. ಇಲ್ಲದಿದ್ದರೆ ಮೊದಲ ಕಿಡಿಗೇ ಎಂಸಿಬಿ ಬಿದ್ದು ಒಳಗೆ ಧಾರಾವಾಹಿ ನಿಲ್ಲುತ್ತೆ, ಆಮೇಲೆ ವೆಲ್ಡಿಂಗ್ ಅಲ್ಲ, ಊಟಕ್ಕೂ ಕಷ್ಟ. ಬ್ಯಾಟರಿ ಕೇಬಲ್ ಕಳಚದೆ ಕಾರಿನ ಮೇಲೆ ವೆಲ್ಡ್ ಮಾಡಬೇಡಿ, ಪೆಟ್ರೋಲ್ ಟ್ಯಾಂಕ್ ಹತ್ತಿರ ಯಾವತ್ತೂ ಬೇಡ. ಕೈಗೆಟುಕುವ ಹಾಗೆ ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ನೇತುಹಾಕಿರಿ.

ಕಾರು ಮಗುಚಿದರೆ ಕಾಯುವ ಕಬ್ಬಿಣದ ಪಂಜರ, ರೋಲ್ ಕೇಜ್, ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಅಮೆರಿಕದ ಡ್ರ್ಯಾಗ್ ಸಂಸ್ಥೆ ಎನ್‌ಎಚ್‌ಆರ್‌ಎ ಮುಚ್ಚಿದ ಮೈಯ ಹಳೇ ಕಾರಿಗೆ ರೋಲ್ ಬಾರ್ ಕೇಳೋದು 11.49 ಸೆಕೆಂಡಿಗೆ ಇಳಿದ ಮೇಲೆ. ನಮ್ಮ 16 ಸೆಕೆಂಡಿನ ಕಾರಿಗೆ ಆ ಚಿಂತೆ ಸದ್ಯಕ್ಕಿಲ್ಲ, ಆದರೂ ನೀವು ಹೋಗುವ ಸ್ಪರ್ಧೆಯ ನಿಯಮ ಪುಸ್ತಕ ಓದಿಯೇ ಸೀಟು ಬೆಲ್ಟು ಕೊಳ್ಳಿ. ಹೆಲ್ಮೆಟ್‌ನಲ್ಲಿ ಮಾತ್ರ ಆಯ್ಕೆ ಸ್ಪಷ್ಟ. ಬೈಕಿನದ್ದು ಅಗ್ಗ. ಸ್ನೆಲ್ ಎಸ್‌ಎ ಅನ್ನೋ ಸುರಕ್ಷತಾ ಗುರುತಿನ ಕಾರ್ ಹೆಲ್ಮೆಟ್ ದುಬಾರಿ, ಅದರ ಒಳಪದರ ಬೆಂಕಿ ತಡೆಯುತ್ತೆ. ಸೈಲೆನ್ಸರ್ ದುಡ್ಡು ಇಲ್ಲಿಗೆ ಬರಲಿ.

ಹೋಗೋದು ಹೇಗೆ

ಬೆಂಗಳೂರಿಂದ ಇರುಂಗಾಟ್ಟುಕೋಟೈ ಮುನ್ನೂರು ಕಿ.ಮೀ. ಆಸುಪಾಸು, ಆಂಬಿ ವ್ಯಾಲಿ ಎಂಟುನೂರರ ಮೇಲೆ. ಎಲ್ಲ ಸೀಟು ಇರುವ ರಸ್ತೆಯ ಕಾರಾದರೆ ಓಡಿಸಿಕೊಂಡು ಹೋಗಿ, ಸೆಮಿ ಸ್ಲಿಕ್ ಚಕ್ರಗಳನ್ನು ಹಿಂದಿನ ಸೀಟಿನ ಮೇಲೆ ಹಾಕಿಕೊಂಡು ಅಲ್ಲಿ ಬದಲಿಸಿ. ಬಿಚ್ಚಿದ ಕಾರಾದರೆ ಫ್ಲ್ಯಾಟ್‌ಬೆಡ್ಡೇ ಗತಿ. ನಾನು ಚೆನ್ನೈ ಕಡೆಗೆ ಇನ್ನೊಬ್ಬರ ಜೊತೆ ಸೇರಿ ಎರಡು ಕಾರು ಹೊರುವ ಲಾರಿ ಮಾತಾಡಿದ್ದೆ, ತಲಾ ಖರ್ಚು ಅರ್ಧಕ್ಕೆ ಬಂತು. ಒಂದು ತಪ್ಪು ಮಾಡಿದೆ. ಹೋಗಿ ಬರುವ ಬಾಡಿಗೆ ಮಾತ್ರ ಕೇಳಿದ್ದೆ, ಕಾಯುವ ಬಾಡಿಗೆ ಕೇಳಿರಲಿಲ್ಲ. ಓಟ ಒಂದು ದಿನ ಮಳೆಗೆ ಮುಂದೆ ಹೋಯಿತು. ಡ್ರೈವರಣ್ಣ ನೆರಳಲ್ಲಿ ಚಾಪೆ ಹಾಸಿ ಮಲಗಿಕೊಂಡು, "ಸಾರ್, ಇವತ್ತಿಂದು ಬೇರೆ" ಅಂದ. ಲಾರಿ ಬುಕ್ ಮಾಡುವಾಗ ಅದನ್ನೂ ಕೇಳಿಕೊಳ್ಳಿ.